ಸೊನ್ನೆ ಒತ್ತಿದ ಗಳಿಗೆ

ಕದಲದೆ ಕೂತ ಮನುಷ್ಯ ಮೋಷನ್ ಸೆನ್ಸರಿನ ಪಾಲಿಗೆ ಇಲ್ಲವೇ ಇಲ್ಲ. ಇದು ನಿಮಗೆ ಈಗಾಗಲೇ ಗೊತ್ತಿರಬೇಕು. ಆಫೀಸಿನ ಶೌಚಾಲಯದಲ್ಲಿ ಪೇಪರ್ ಓದುತ್ತಾ ಕೂತಿದ್ದಾಗ ದೀಪ ಆರಿಹೋಗಿ, ಕತ್ತಲಲ್ಲಿ ಎರಡೂ ಕೈ ಮೇಲೆತ್ತಿ ಬೀಸಿ, ತಾನಿನ್ನೂ ಬದುಕಿದ್ದೇನೆಂದು ಗೋಡೆಗೆ ಅರಿಕೆ ಮಾಡಿಕೊಂಡವರಿಗಂತೂ ಖಂಡಿತ ಗೊತ್ತಿದೆ. ಗೊತ್ತಿಲ್ಲದೆ ಉಳಿದಿದ್ದವರು ಮುಚ್ಚಳ ಸಾಹೇಬರೊಬ್ಬರೇ.

ಈ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಕಾರ್ಖಾನೆಯವರು ಇಟ್ಟದ್ದು. ಬಾಟಲಿ ಮುಚ್ಚಳ ತಯಾರಿಸುವ ಕಾರ್ಖಾನೆಯಲ್ಲಿ ಅವರು ಹದಿನಾರು ವರ್ಷದಿಂದ ತಪಾಸಣೆ ವಿಭಾಗದ ಮುಖ್ಯಸ್ಥರು. ಬೆಲ್ಟಿನ ಮೇಲೆ ಮುಚ್ಚಳಗಳು ಸಾಲುಗಟ್ಟಿ ಬರುತ್ತವೆ. ಸೊಟ್ಟಗಿರುವುದನ್ನು ಸೆನ್ಸರ್ ಕಂಡುಹಿಡಿಯುತ್ತದೆ, ಗಾಳಿ ಊದುವ ಕೊಳವೆ ಅದನ್ನು ಪಕ್ಕದ ಡಬ್ಬಕ್ಕೆ ಹಾರಿಸುತ್ತದೆ, ಸಾಹೇಬರು ನೋಡುತ್ತಾ ನಿಂತಿರುತ್ತಾರೆ. (ನೋಡುತ್ತಾ ನಿಲ್ಲುವುದೂ ಒಂದು ಕೆಲಸ ಎಂಬ ನಂಬಿಕೆ ಅವರಿಗೆ ಅಲ್ಲಿಂದಲೇ ಅಂಟಿರಬೇಕು. ಮನೆಯಲ್ಲೂ ಅದನ್ನೇ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದರು.)

ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಇಡೀ ಬೀದಿ ಆಕೆಯನ್ನು ಸಿಸ್ಟರ್ ಎಂದು ಕರೆಯುತ್ತದೆ, ಗಂಡ ಮಾತ್ರ 'ಲೇ' ಎಂದು ಕರೆಯುತ್ತಾರೆ. ಮನೆಯಲ್ಲಿ ಇನ್ನಿಬ್ಬರು ಇದ್ದರು. ಒಬ್ಬರು ಸಾಹೇಬರ ತಾಯಿ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ದಿನಕ್ಕೆ ನಾಲ್ಕು ಸಲ ಹನಿ ಹಾಕಿಸಿಕೊಳ್ಳಬೇಕಾದವರು. ಇನ್ನೊಬ್ಬಳು ಒಂಬತ್ತು ವರ್ಷದ ಮಗಳು. ಶಾಲೆಯ ಬಸ್ಸು ಬರುವ ಹೊತ್ತಿಗೆ ಅವಳಿಗೆ ಯಾವಾಗಲೂ ಒಂದೇ ಕಾಲಿನ ಸಾಕ್ಸ್ ಸಿಗುತ್ತಿತ್ತು. ಮಗಳು ಅಜ್ಜಿ ಎನ್ನುವವರನ್ನು ನಾವೂ ಅಜ್ಜಿ ಎಂದೇ ಕರೆಯೋಣ.

ಒಂದು ದಿನ ಸಿಸ್ಟರ್ ಕೈಯಲ್ಲಿ ಒಂದು ಫಾರಂ ಹಿಡಿದು ಬಂದರು. ಹನ್ನೆರಡು ವರ್ಷ ದುಡಿದ ಮೇಲೆ ಆಸ್ಪತ್ರೆಗೆ ಆಕೆಯ ನೆನಪಾಗಿ, ಬೆಳಗಿನ ಪಾಳಿಯ ಮೇಲ್ವಿಚಾರಕಿಯ ಹುದ್ದೆ ಕೊಡಲು ಮುಂದೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ವಾರ್ಡಿನಲ್ಲಿರಬೇಕು. ಒಪ್ಪಿಗೆ ಇದೆಯೋ ಇಲ್ಲವೋ ಎಂದು ಅಲ್ಲಿಂದ ಮೂರನೆಯ ಶನಿವಾರ ಮಧ್ಯಾಹ್ನ ಎರಡರೊಳಗೆ ಬರೆದು ಕೊಡಬೇಕು.

"ರೀ, ನನಗೆ ಈ ಕೆಲಸ ಬೇಕು," ಎಂದರು ಸಿಸ್ಟರ್. "ಐದೂವರೆಗೆ ನಾನು ಹೊರಟುಬಿಡ್ತೀನಿ. ಅಲ್ಲಿಂದ ಎಂಟೂವರೆ ತನಕ ಮನೆ ನೀವು ನೋಡ್ಕೋಬೇಕು."

"ನೋಡ್ಕೊಳ್ತಾನೇ ಇದೀನಲ್ಲ."

"ನೋಡೋದಲ್ಲ. ಮಾಡೋದು."

"ಲೇ, ಈಗಲೇ ಅರ್ಧ ಮನೆ ಕೆಲಸ ನಾನು ಮಾಡ್ತಿದೀನಿ. ಉಳಿದ ಅರ್ಧಾನೂ ನನ್ನ ತಲೆ ಮೇಲೆ ಹಾಕಿದ್ರೆ ನನ್ನ ಗತಿ ಏನು?"

"ನೀವು ಮಾಡ್ತಿರೋ ಅರ್ಧ ಯಾವುದು ಅಂತ ಸ್ವಲ್ಪ ತೋರಿಸಿ. ನನಗೆ ಎಲ್ಲೂ ಸಿಗ್ತಿಲ್ಲ."

ಅಜ್ಜಿ ಕುರ್ಚಿಯಿಂದಲೇ ಮಗನ ನೆರವಿಗೆ ಬಂದರು. "ಹಾಗನ್ಬೇಡಮ್ಮ. ಹಾಲಿನ ಪ್ಯಾಕೆಟ್ಟು ಬಾಗಿಲಿಂದ ಒಳಗೆ ತರ್ತಾನೆ. ನೆನಪಿದ್ದ ದಿವಸ."

ಸಾಹೇಬರಿಗೆ ರೇಗಿತು. "ಬಾಯಿಮಾತು ಬೇಡ. ನಮ್ಮ ಕಾರ್ಖಾನೇಲಿ ಯಾರ ಅಭಿಪ್ರಾಯಾನೂ ಕೇಳಲ್ಲ, ಅಳೀತೀವಿ. ಮನೇನೂ ಅಳೆಯೋಣ. ನಾನು ಅರ್ಧ ಮಾಡ್ತಿಲ್ಲ ಅಂತ ಬಂದ್ರೆ ನೀನು ಹೇಳಿದ ಹಾಗೆ. ಮಾಡ್ತಿದೀನಿ ಅಂತ ಬಂದ್ರೆ ನೀನು ಆ ಫಾರಮ್ಮಲ್ಲಿ 'ಇಲ್ಲ' ಅಂತ ಬರೀಬೇಕು."

ಮದುವೆಯಾದಂದಿನಿಂದ ಮೊದಲ ಸಲ ಗಂಡ ತಾವಾಗಿಯೇ ಸೋಲಿಗೆ ಬಾಗಿಲು ತೆರೆದಿಟ್ಟದ್ದನ್ನು ಕಂಡು ಸಿಸ್ಟರ್ ತಕ್ಷಣ ಒಪ್ಪಿದರು. ಯಂತ್ರಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಯಂತ್ರವನ್ನು ಆರಿಸಿ ತರುವವನ ವಿಷಯ ಗೊತ್ತಿರಬೇಕಿತ್ತು.

ಊರಿನ ಹಳೇ ಮಾರುಕಟ್ಟೆಯ ಹಿಂದೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯೊಂದಿತ್ತು. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಅಗಲ. ಗೋಡೆಯ ತುಂಬ ಬೆಂಕಿಪೊಟ್ಟಣದ ಗಾತ್ರದ ಡ್ರಾಯರುಗಳು. ಮೂಗಿನ ಮೇಲೊಂದು, ಹಣೆಯ ಮೇಲೊಂದು ಕನ್ನಡಕ ಇಟ್ಟುಕೊಂಡು ಬೆಸುಗೆ ಹಾಕುತ್ತಾ ಕೂತಿರುವ ಅಂಗಡಿಯಮ್ಮ. ರೋಬೋ ಕಟ್ಟುವ ಕಾಲೇಜು ಹುಡುಗಿಯರು, ಯಾರಾದರೂ ಹತ್ತಿರ ಬಂದರೆ ಕಣ್ಣು ತೆರೆಯುವ ಗೊಂಬೆ ಮಾಡಬೇಕೆನ್ನುವ ನಾಟಕದವರು, ತೊಟ್ಟಿ ತುಂಬಿದಾಗ ಕೂಗುವ ಪೆಟ್ಟಿಗೆ ಬೇಕೆನ್ನುವ ಮನೆಯವರು, ಹೀಗೆ ಯಾರೇ ಬಂದರೂ ಆಕೆ ಕೇಳುವ ಪ್ರಶ್ನೆ ಒಂದೇ.

"ಏನು ಗೊತ್ತಾಗ್ಬೇಕು ಸಾರ್?"

"ಒಂದು ಒಳ್ಳೇ ಸೆನ್ಸರ್ ಕೊಡಿ ಮೇಡಂ."

"ಒಳ್ಳೇದು ಅಂತ ಒಂದಿಲ್ಲ. ಬೆಳಕು ನೋಡೋದು ಬೇರೆ, ಶಬ್ದ ಕೇಳೋದು ಬೇರೆ, ದೂರ ಅಳೆಯೋದು ಬೇರೆ. ನಿಮಗೆ ಗೊತ್ತಾಗ್ಬೇಕಾದ್ದು ಏನು ಅಂತ ಹೇಳಿ. ಆಮೇಲೆ ಡ್ರಾಯರ್ ಎಳೀತೀನಿ."

ತಮಗೆ ಬೇಕಾದದ್ದೇನೆಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ತಾವು ಗೆಲ್ಲಬೇಕು. ಅದಕ್ಕೆ ಡ್ರಾಯರ್ ಇರಲಿಲ್ಲ. ಆದ್ದರಿಂದ ಬಾಯಿಗೆ ಬಂದ ಮೋಷನ್ ಸೆನ್ಸರ್ ಹೆಸರು ಹೇಳಿ ಎರಡು ತಂದರು. ಅಡುಗೆಮನೆಗೊಂದು, ಟೀವಿ ಇರುವ ಹಾಲಿಗೊಂದು. ಅಡುಗೆಮನೆ ಆಕೆಯದು, ಹಾಲು ತಮ್ಮದು ಎಂಬ ಪುರಾತನ ಗಡಿರೇಖೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಮರುದಿನ ಲೆಕ್ಕ ಓದುವ ಕೆಲಸ ಮಗಳದು. "ಅಡುಗೆಮನೆ ಆರುನೂರ ಹದಿನಾಲ್ಕು. ಹಾಲು ಒಂಬತ್ತು. ಅಪ್ಪಾ, ಸಂಜೆ ಏಳರಿಂದ ಒಂಬತ್ತೂವರೆ ತನಕ ಹಾಲಲ್ಲಿ ಯಾರೂ ಇರ್ಲಿಲ್ವಂತೆ."

"ನಾನಿದ್ನಲ್ಲೇ. ಸೋಫಾ ಮೇಲೆ."

"ಇರ್ಲಿಲ್ಲ ಅಂತ ಬಂದಿದೆ."

ಆ ಒಂಬತ್ತರಲ್ಲಿ ಐದು ಅಜ್ಜಿ ಬಚ್ಚಲಿಗೆ ಹೋಗಿ ಬಂದದ್ದು, ಮೂರು ಮಗಳದು, ಉಳಿದ ಒಂದು ಸಾಹೇಬರು ರಿಮೋಟಿಗೆ ಕೈ ಚಾಚಿದ್ದು.

"ಓಡಾಟಕ್ಕೂ ಕೆಲಸಕ್ಕೂ ಸಂಬಂಧ ಇಲ್ಲ," ಎಂದು ತೀರ್ಪು ಕೊಟ್ಟರು ಸಾಹೇಬರು. "ನೊಣಾನೂ ಓಡಾಡತ್ತೆ."

ಅಳತೆ ತನ್ನ ವಿರುದ್ಧ ಬಂದರೆ ಅಳತೆಗೋಲನ್ನೇ ಬದಲಿಸುವ ಈ ಮಹಾಶಾಸ್ತ್ರ ನಮ್ಮಲ್ಲಿ ಬಹಳ ಮುಂದುವರಿದಿದೆ. ದೊಡ್ಡ ದೊಡ್ಡ ಸಮಿತಿಗಳು ಅದನ್ನು ಭತ್ಯೆ ತೆಗೆದುಕೊಂಡು ಮಾಡುತ್ತವೆ. ಸಾಹೇಬರು ಪಾಪ ಉಚಿತವಾಗಿ ಮಾಡಿದರು. ಈ ಸಲ ಶಬ್ದದ ಸೆನ್ಸರುಗಳನ್ನು ತಂದು ಸೋಫಾ, ಅಡುಗೆಮನೆ, ಕಿಟಕಿಗೆ ಒಂದೊಂದು ಇಟ್ಟರು. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ, ನೆನ್ನೆ ಇಲ್ಲೇ ಇಟ್ಟಿದ್ದ ಪೆನ್ನು ಎಲ್ಲಿ ಎಂದು ಕೂತಲ್ಲಿಂದಲೇ ಮನೆಯ ಆಡಳಿತ ನಡೆಸುವ ಅವರಿಗೆ ಒಂದೇ ದಿನದಲ್ಲಿ ಮುನ್ನೂರು ದಾಟಿತು. ಬಾಯಿ ಮುಚ್ಚಿಕೊಂಡು ಟವೆಲ್, ಕನ್ನಡಕ, ಪೆನ್ನು ತಂದುಕೊಟ್ಟ ಸಿಸ್ಟರಿಗೆ ಇಪ್ಪತ್ತೆರಡು ಬಂತು. ಸಾಹೇಬರು ಗೆದ್ದೇ ಬಿಟ್ಟಿದ್ದರು. ಆದರೆ ಕಿಟಕಿಯ ಕಡೆಯಿಂದ ಪಕ್ಕದ ಮನೆ ನಾಯಿಗೆ ನಾನೂರ ನಲವತ್ತು ಬಂದಿತ್ತು.

"ಹಾಗಾದ್ರೆ ಈ ಮನೆ ಯಜಮಾನಿಕೆ ಅದಕ್ಕೇ ಕೊಟ್ಟುಬಿಡು ಕಣೋ," ಎಂದರು ಅಜ್ಜಿ. "ಅದು ಕೊನೇಪಕ್ಷ ಕಳ್ಳ ಬಂದ್ರೆ ಎದ್ದು ನಿಲ್ಲತ್ತೆ."

ಎರಡು ವಾರ ಹೀಗೇ ಕಳೆಯಿತು. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಯಾರು ಎಷ್ಟು ಹೊತ್ತು ನಿಂತಿದ್ದರೆಂದು ತಿಳಿಯಲು ದೂರ ಅಳೆಯುವ ಸೆನ್ಸರ್ ಬಂತು, ಸಾಹೇಬರ ಪಾಲಿಗೆ ನಾಲ್ಕೇ ನಿಮಿಷ ಸಿಕ್ಕಿತು, ಅದೂ "ಇನ್ನೂ ಮುಗಿದಿಲ್ವಾ?" ಎಂದು ಕೇಳಲು ಬಂದು ನಿಂತದ್ದು. ಅದನ್ನೂ ಕಿತ್ತು ಹಾಕಿದರು.

ಕೊನೆಗೆ ಅಂಗಡಿಯಮ್ಮನೇ ಬೇಸತ್ತು ಎರಡು ಕೈಪಟ್ಟಿ ಮುಂದಿಟ್ಟರು. ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟುವಂಥದ್ದು, ಒಳಗೆ ಕೈಯ ಅಲುಗಾಟ ಅಳೆಯುವ ಸೆನ್ಸರ್. "ಗಂಡನಿಗೊಂದು, ಹೆಂಡತಿಗೊಂದು. ಇದೇ ಕಡೆ ಸಾರ್, ಇನ್ನು ನನ್ನ ಹತ್ರ ಬೇರೆ ಇಲ್ಲ. ಇಲ್ಲಿ ಒಂದು ಬಟನ್ ಇದೆ ನೋಡಿ. ಏನೂ ಕೆಲಸ ಇಲ್ಲದಾಗ ಕಟ್ಟಿಕೊಂಡು ಇದನ್ನ ಒತ್ತಿ ಹತ್ತು ನಿಮಿಷ ಬಿಡಿ. ಅದು ಅವರವರ ಸೊನ್ನೆ. ಆಮೇಲೆ ಕೈ ಅದಕ್ಕಿಂತ ಜಾಸ್ತಿ ಆಡಿದ್ರೆ ಅಂಕ ಏರತ್ತೆ, ಕಡಿಮೆ ಆಡಿದ್ರೆ ಇಳಿಯತ್ತೆ."

ತಮ್ಮ ಕೈಪಟ್ಟಿಯ ಸೊನ್ನೆ ಒತ್ತಲು ಸಾಹೇಬರಿಗೆ ಏನೂ ಕಷ್ಟವಾಗಲಿಲ್ಲ. ಸೋಫಾ ಮೇಲೆ ಒರಗಿದರು, ಒತ್ತಿದರು. ಕಷ್ಟವಾದದ್ದು ಹೆಂಡತಿಯದು. ಆಕೆಗೆ ಏನೂ ಕೆಲಸವಿಲ್ಲದ ಹತ್ತು ನಿಮಿಷಕ್ಕಾಗಿ ಅವರು ಎರಡು ದಿನ ಬೇಟೆಗಾರನಂತೆ ಹೊಂಚು ಹಾಕಿದರು. ಬೆಳಿಗ್ಗೆ ಸಿಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೂ ಸಿಗಲಿಲ್ಲ. ಎರಡನೆಯ ದಿನ ಸಂಜೆ ಸಿಸ್ಟರ್ ಮಂಚದ ಅಂಚಿನಲ್ಲಿ ಕೂತರು. ತೊಡೆಯ ಮೇಲೆ ಒಗೆದ ಬಟ್ಟೆಯ ರಾಶಿ ಇತ್ತು, ಮುಂದೆ ಮಗಳು ಬೆನ್ನು ಮಾಡಿ ಕೂತಿದ್ದಳು, ಅದು ಬೇರೆ ಮಾತು. ಕೂತಿದ್ದರಲ್ಲ, ಅಷ್ಟು ಸಾಕಾಯಿತು.

"ಲೇ, ಹಾಗೇ ಇರು. ಹತ್ತು ನಿಮಿಷ ಏನೂ ಮಾಡ್ಬೇಡ, ಈಗ ಇದೀಯಲ್ಲ, ಹಂಗೇ."

"ಏನೂ ಮಾಡ್ಬಾರ್ದಾ, ಅಥವಾ ಮಾಡ್ತಿರೋದನ್ನೇ ಮಾಡ್ಲಾ?"

"ಎರಡೂ ಒಂದೇ."

ಸಾಹೇಬರು ಬಟನ್ ಒತ್ತಿದರು. ಆ ಹತ್ತು ನಿಮಿಷದಲ್ಲಿ ಸಿಸ್ಟರ್ ಹತ್ತೊಂಬತ್ತು ಬಟ್ಟೆ ಮಡಚಿದರು, ಮಗಳ ಎರಡು ಜಡೆ ಬಿಚ್ಚಿ ಸಿಕ್ಕು ಬಿಡಿಸಿ ಮತ್ತೆ ಹೆಣೆದರು, ಅಜ್ಜಿಯ ಶಾಲಿನಲ್ಲಿ ಬಿಟ್ಟುಹೋಗಿದ್ದ ಹೊಲಿಗೆ ಹಾಕಿದರು. ಕೈಪಟ್ಟಿ ಎಲ್ಲವನ್ನೂ ವಿಧೇಯವಾಗಿ ಕಲಿತುಕೊಂಡು, ಸೊನ್ನೆ ಎಂದು ಬರೆದುಕೊಂಡಿತು.

ಶುಕ್ರವಾರ ಸಂಜೆ ಫಲಿತಾಂಶ ಬಂತು. ಮಗಳು ಚಾರ್ಟಿನ ಮೇಲೆ ದೊಡ್ಡದಾಗಿ ಬರೆದಳು: ಅಪ್ಪ ಮೂವತ್ತೆಂಟು, ಅಮ್ಮ ನಾಲ್ಕು. (ಈ ಮೂವತ್ತೆಂಟರಲ್ಲಿ ಹಲ್ಲುಜ್ಜಿದ್ದು, ಬೆನ್ನು ಕೆರೆದುಕೊಂಡದ್ದು, ಟೀವಿಯಲ್ಲಿ ಆಟ ನೋಡುತ್ತಾ ತೊಡೆ ತಟ್ಟಿದ್ದು ಎಲ್ಲ ಸೇರಿತ್ತು. ಆದರೆ ಅಂಕಿಗಳು ತಮ್ಮ ಹುಟ್ಟಿನ ಕತೆ ಹೇಳಿಕೊಳ್ಳುವುದಿಲ್ಲ.)

ಸಿಸ್ಟರ್ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಚಾರ್ಟಿನ ಮುಂದೆ ನಿಂತರು. "ನಾಲ್ಕಾ?"

"ನಾನು ಹೇಳ್ತಿಲ್ಲ, ಯಂತ್ರ ಹೇಳ್ತಿದೆ. ಅದಕ್ಕೆ ನನ್ನ ಮೇಲೆ ಪ್ರೀತೀನೂ ಇಲ್ಲ, ನಿನ್ನ ಮೇಲೆ ದ್ವೇಷಾನೂ ಇಲ್ಲ."

"ಹಾಗಾದ್ರೆ ನನಗೆ ಇಷ್ಟು ಸುಸ್ತು ಯಾಕಾಗತ್ತೆ?"

ಆ ಪ್ರಶ್ನೆಯನ್ನು ಆಕೆ ಗಂಡನಿಗೆ ಕೇಳಿರಲಿಲ್ಲ. ಯಾರಿಗೂ ಕೇಳಿರಲಿಲ್ಲ. ಒಪ್ಪಿದ ಮಾತು ಒಪ್ಪಿದ ಮಾತೇ ಎಂದು ಫಾರಂ ತೆಗೆದು 'ಒಪ್ಪಿಗೆ ಇಲ್ಲ' ಎಂದು ಬರೆದರು, ಮಡಚಿ ಚೀಲದಲ್ಲಿಟ್ಟರು, ಉಳಿದ ಪಾತ್ರೆ ತೊಳೆಯಲು ಹೋದರು. ಅಜ್ಜಿ ಆ ಸಂಜೆ ಮಗನನ್ನು ಒಂದು ಮಾತೂ ಚುಚ್ಚಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ಸಾಹೇಬರಿಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೆ ಆಸ್ಪತ್ರೆಯಿಂದ ಫೋನು. ಬೆಳಗಿನ ಪಾಳಿಯವರೊಬ್ಬರಿಗೆ ಜ್ವರ, ಬರಬೇಕು. ಸಾಹೇಬರಿಗೆ ಅಂದು ರಜೆ. "ಹೋಗಿ ಬಾ," ಎಂದರು ಉದಾರವಾಗಿ. ಮೂವತ್ತೆಂಟು ಅಂಕದವರಿಗೆ ಒಂದು ಬೆಳಗು ಏನು ಮಹಾ. ಇವತ್ತಿನ ದಾಖಲೆಯೂ ಇರಲಿ ಎಂದುಕೊಂಡು ನೋಡಿದರೆ ಅವರ ಕೈಪಟ್ಟಿಯ ಚಾರ್ಜ್ ಮುಗಿದಿತ್ತು.

"ನನ್ನದು ಕಟ್ಕೊಳ್ಳಿ," ಎಂದರು ಸಿಸ್ಟರ್ ಚಪ್ಪಲಿ ಹಾಕಿಕೊಳ್ಳುತ್ತಾ. "ವಾರ್ಡಲ್ಲಿ ಕೈಗೆ ಏನೂ ಕಟ್ಟೋ ಹಾಗಿಲ್ಲ."

ಆ ಬೆಳಗಿನ ಸಾಹಸಗಾಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಪೂರ್ತಿ ಹೇಳಿದರೆ ನೀವು ಅವರ ಮೇಲೆ ಕರುಣೆ ತೋರಿಸಿಬಿಡುವ ಅಪಾಯವಿದೆ. ಹಾಲು ಉಕ್ಕಿ ಒಲೆ ಆರಿತು. ಮಗಳ ಜಡೆ ಪಾರ್ಸೆಲ್ ಕಟ್ಟುವ ಹುರಿಯಂತಾಯಿತು. ಸಾಕ್ಸ್ ಹುಡುಕಲು ಮೂರು ಕಪಾಟಿನ ಬಟ್ಟೆ ನೆಲಕ್ಕೆ ಬಂತು. ಅಜ್ಜಿಯ ಕಣ್ಣಿಗೆ ಹಾಕುವ ಎರಡು ಸೀಸೆ ಹಿಡಿದುಕೊಂಡು ಸಾಹೇಬರು ಕಂಗಾಲಾಗಿ ನಿಂತರು. ಎರಡರ ಮುಚ್ಚಳವೂ ದೋಷರಹಿತವಾಗಿತ್ತು, ಅಷ್ಟು ಮಾತ್ರ ಅವರು ಹೇಳಬಲ್ಲವರಾಗಿದ್ದರು.

"ಕೆಂಪು ಮುಚ್ಚಳದ್ದು ಮೊದಲು. ಐದು ನಿಮಿಷ ಬಿಟ್ಟು ನೀಲಿ," ಎಂದರು ಅಜ್ಜಿ. "ಹದಿನಾರು ವರ್ಷ ಮುಚ್ಚಳ ನೋಡಿದೀಯ. ಒಂದನ್ನಾದ್ರೂ ತೆಗೆದು ಒಳಗೇನಿದೆ ಅಂತ ನೋಡಿದೀಯೇನೋ?"

ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಕಿವಿಗೆ ಹೋಯಿತು. ಅಷ್ಟರಲ್ಲಿ ಶಾಲೆಯ ಬಸ್ಸು ಹೋಯಿತು. ಮಗಳನ್ನು ಎಳೆದುಕೊಂಡು ಓಡಿ ಶಾಲೆ ಸೇರಿಸಿ, ಬಂದು ನೆಲಕ್ಕಂಟಿದ ಹಾಲು ಉಜ್ಜಿ, ಹನ್ನೊಂದಕ್ಕೆ ಸಾಹೇಬರು ಗೋಡೆಗೆ ಒರಗಿ ಕೂತರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಇಷ್ಟಕ್ಕೆ ನೂರಾದರೂ ಬಂದಿರಬೇಕೆಂದು ಕೈಪಟ್ಟಿ ನೋಡಿದರು.

ಸೊನ್ನೆಗಿಂತ ಐವತ್ತೇಳು ಕೆಳಗೆ.

ಹನ್ನೊಂದೂವರೆಗೆ ಅವರು ಅಂಗಡಿಯಲ್ಲಿದ್ದರು. "ಎಂಥ ಡಬ್ಬಾ ಮಾಲು ಕೊಟ್ಟಿದೀರ ಮೇಡಂ. ಬೆಳಿಗ್ಗೆ ಐದೂವರೆಯಿಂದ ಕತ್ತೆ ಥರ ದುಡಿದಿದೀನಿ. ಮೈನಸ್ ತೋರಿಸ್ತಿದೆ."

ಅಂಗಡಿಯಮ್ಮ ಹಣೆಯ ಕನ್ನಡಕ ಮೂಗಿಗೂ ಮೂಗಿನದನ್ನು ಹಣೆಗೂ ಬದಲಿಸಿಕೊಂಡು ಕೈಪಟ್ಟಿ ತಿರುಗಿಸಿ ನೋಡಿದರು. "ಯಂತ್ರ ಸರಿ ಇದೆ. ಇದು ಯಾರದ್ದು?"

"ನನ್ನ ಹೆಂಡತೀದು."

"ಸೊನ್ನೆ ಒತ್ತಿದಾಗ ಯಾವ ಕೆಲಸ ನಡೀತಿತ್ತು?"

"ಯಾವ ಕೆಲಸಾನೂ ಇಲ್ಲ ಮೇಡಂ. ನೀವು ಹೇಳಿದ ಹಾಗೇ ಮಾಡಿದೀನಿ. ಸುಮ್ಮನೆ ಕೂತು ಬಟ್ಟೆ ಮಡಚ್ತಿದ್ಳು. ಮಗೂಗೆ ಜಡೆ ಹಾಕ್ತಿದ್ಳು. ಒಂಚೂರು ಹೊಲಿಗೆ..."

ಅಲ್ಲಿ ಯಾವುದೋ ರೋಬೋಗೆ ಬೆಳಕಿನ ಸೆನ್ಸರ್ ಆರಿಸುತ್ತಿದ್ದ ಇಬ್ಬರು ಕಾಲೇಜು ಹುಡುಗಿಯರು ಏಕಕಾಲಕ್ಕೆ ಅಂಗಡಿಯ ಸೂರನ್ನು ಆಸಕ್ತಿಯಿಂದ ನೋಡತೊಡಗಿದರು.

"ಅವರು ಅಷ್ಟು ಮಾಡೋದನ್ನ ಇದಕ್ಕೆ 'ಏನೂ ಇಲ್ಲ' ಅಂತ ನೀವೇ ಕಲಿಸಿದೀರಿ ಸಾರ್," ಎಂದರು ಅಂಗಡಿಯಮ್ಮ, ಬೆಸುಗೆಯ ಕಡ್ಡಿ ಮತ್ತೆ ಎತ್ತಿಕೊಳ್ಳುತ್ತಾ. "ನೀವು ಇವತ್ತು ಅಷ್ಟು ದುಡಿದ್ರೂ, ಅವರು ಏನೂ ಮಾಡದೆ ಇರೋದಕ್ಕಿಂತ ಐವತ್ತೇಳು ಕಡಿಮೆ."

ಎದುರಿನ ಅಂಗಡಿಯಲ್ಲಿ ಚಹಾ ಹಿಡಿದು ಸಾಹೇಬರು ಒಂದೂವರೆ ಗಂಟೆ ಕೂತರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಪಾಳಿ ಮುಗಿಯುವ ಮುನ್ನ, ಎರಡರೊಳಗೆ, ಸಿಸ್ಟರ್ ಫಾರಂ ಕೊಟ್ಟುಬಿಡುತ್ತಿದ್ದರು, ಬೆಳಗಿನ ನಿದ್ದೆ ಇವರಿಗೆ ಶಾಶ್ವತವಾಗಿ ಉಳಿಯುತ್ತಿತ್ತು. ಅವರನ್ನು ಎಬ್ಬಿಸಿದ್ದು ಪಶ್ಚಾತ್ತಾಪ ಎಂದು ಬರೆಯಲು ನನಗೂ ಆಸೆ. ಆದರೆ ನಿಜ ಹೇಳಬೇಕು: ಹದಿನಾರು ವರ್ಷದಲ್ಲಿ ತಪ್ಪು ಅಳತೆಯ ವರದಿಯೊಂದಕ್ಕೂ ಅವರು ಸಹಿ ಹಾಕಿರಲಿಲ್ಲ. ಆ ಹೆಮ್ಮೆ ಕುಟುಕಿತು. ಮನುಷ್ಯನನ್ನು ಸರಿದಾರಿಗೆ ತರುವ ಕಾರಣಗಳು ಯಾವಾಗಲೂ ಉದಾತ್ತವಾಗಿರಬೇಕಿಲ್ಲ.

ಎರಡಕ್ಕೆ ಹತ್ತು ನಿಮಿಷ ಇದ್ದಾಗ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಸಿಕ್ಕರು. ಒಂದು ಕೈಯಲ್ಲಿ ಔಷಧಿಯ ಟ್ರೇ, ಇನ್ನೊಂದರಲ್ಲಿ ಆ ಫಾರಂ.

"ಲೇ, ಅದು ಕೊಡ್ಬೇಡ. ಏನಾಯ್ತು ಅಂದ್ರೆ, ಈ ಅಲುಗಾಟದ ಸೆನ್ಸರ್‌ಗೆ ಆರಂಭದಲ್ಲಿ ಒಂದು ಆಧಾರದ ಅಳತೆ ಅಂತ..."

"ಒಂದೇ ಮಾತಲ್ಲಿ ಹೇಳಿ. ಒಳಗೆ ಪೇಷೆಂಟ್ ಕಾಯ್ತಿದ್ದಾರೆ."

ಸಾಹೇಬರು ಆಧಾರದ ಅಳತೆಯ ಮಾತು ಬಿಟ್ಟುಕೊಟ್ಟರು. "ನೀನು ಏನೂ ಮಾಡ್ತಿಲ್ಲ ಅಂತ ನಾನು ಅಂದ್ಕೊಂಡಾಗ ನೀನು ಮೂರು ಕೆಲಸ ಮಾಡ್ತಿದ್ದೆ."

ಸಿಸ್ಟರ್ ಅವರನ್ನು, ಜ್ವರದ ಮಾಪಕ ಓದುವವರ ಹಾಗೆ, ಒಂದು ಕ್ಷಣ ನೋಡಿದರು. "ಇದು ಗೊತ್ತಾಗೋಕೆ ಯಂತ್ರ ಬೇಕಿತ್ತಾ?"

"ಬೇಕಿತ್ತು," ಎಂದರು ಸಾಹೇಬರು. ಆ ಮೂರು ವಾರದಲ್ಲಿ ಅವರಾಡಿದ ಏಕೈಕ ಪ್ರಾಮಾಣಿಕ ಮಾತು ಅದು.

ಸಿಸ್ಟರ್ ಟ್ರೇಯನ್ನು ಅವರ ಕೈಗಿತ್ತು, ಗೋಡೆಗೆ ಕಾಗದ ಒತ್ತಿ ಹಿಡಿದು, 'ಇಲ್ಲ' ಹೊಡೆದುಹಾಕಿ 'ಇದೆ' ಎಂದು ಬರೆದರು. ಕ್ಷಮಿಸಿದೆ ಎನ್ನಲಿಲ್ಲ. "ಟ್ರೇ ಓರೆ ಮಾಡ್ಬೇಡಿ," ಎಂದರು.

ಆ ಸೋಮವಾರದಿಂದ ಸಾಹೇಬರು ಐದಕ್ಕೆ ಏಳುತ್ತಾರೆ. ಮೊದಲ ವಾರ ಎಲ್ಲರೂ ನಕ್ಕರು, ಎರಡನೆಯ ವಾರ ಸಹಿಸಿಕೊಂಡರು, ಮೂರನೆಯ ವಾರ ಹನಿ ನೇರ ಕಣ್ಣಿಗೇ ಬಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಹಾಲು ಉಕ್ಕುವುದು, ಬಸ್ಸು ತಪ್ಪುವುದು ನಿಂತೇ ಹೋಯಿತು. ಹೀಗೊಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಸಾಹೇಬರು ಬಹಳ ದಿನದಿಂದ ಕಾಯುತ್ತಿದ್ದ ಮೆಚ್ಚುಗೆಯನ್ನು ಇನ್ನು ತಾವೇ ಕೇಳಿ ಪಡೆಯುವುದೆಂದು ನಿರ್ಧರಿಸಿದರು.

"ದಿನಾ ಬೆಳಿಗ್ಗೆ ಇಷ್ಟೆಲ್ಲ ಮಾಡ್ತೀನಿ. ಈ ಮನೇಲಿ ಒಬ್ಬರಾದ್ರೂ ಒಂದು ಮಾತು ಅಂದ್ರಾ?"

ಮಗಳು ತಟ್ಟೆಯಿಂದ ತಲೆ ಎತ್ತಿದಳು. ಅವಳ ಎರಡು ಜಡೆಗಳೂ ಸಮನಾಗಿದ್ದವು, ಕಿಟಕಿಯಲ್ಲಿ ಒಣಗುತ್ತಿದ್ದ ಎರಡು ಸಾಕ್ಸೂ ಒಂದೇ ಬಣ್ಣದವು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಏನು ಮಾಡ್ತೀಯ ಅಪ್ಪಾ?"

ಸಿಸ್ಟರ್ ನೀರಿನ ಲೋಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಅಜ್ಜಿ ಮಾತ್ರ, ಗುಣವಾದ ಎರಡೂ ಕಣ್ಣು ಮಗನ ಮೇಲಿಟ್ಟು, "ಹೇಗೂ ಸುಮ್ಮನೇ ಕೂತಿದೀಯಲ್ಲ ಕಣೋ, ಸ್ವಲ್ಪ ಪಲ್ಯ ಬಡಿಸು," ಎಂದರು.

ನೀವು ನಕ್ಕಿರಿ, ಸಂತೋಷ. ಈಗ ಈ ಪುಟ ಕೆಳಗಿಡಿ. ನೀವು ಇದನ್ನು ಓದುತ್ತಾ ಕೂತಿರುವ ಈ ಗಳಿಗೆಯಲ್ಲಿ ನಿಮ್ಮ ಮನೆಯಲ್ಲಿ ಏನೂ ಮಾಡದೆ ಸುಮ್ಮನೆ ಇರುವವರು ಯಾರೋ, ಎದ್ದು ಅವರ ಹತ್ತಿರ ಹೋಗಿ. ಅವರ ಕೈಯಲ್ಲಿ ಏನಿದೆ ನೋಡಿ. ಅದನ್ನು ಇಸಿದುಕೊಳ್ಳಿ.